ಕೋವಿ ಹಿಡಿದವರು ಕಾಡು ಉಳಿಸಿದ್ದು

ಪ್ರಶ್ನೆ: ಮಗಳ ಟೆಡ್ಡಿ ಗೊಂಬೆಗೆ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹೆಸರಂತೆ, ಹೌದಾ ಸರ್? ಬೇಟೆಗಾರರಾದ ಅವರು ಕಾಡು ಉಳಿಸಿದರು ಅಂದ್ರೆ ನಂಬೋದು ಹೇಗೆ?
– ಕಾಫಿ ಬೆಳೆಗಾರ, ವಿರಾಜಪೇಟೆ

ಉತ್ತರ: ಹೌದು. ಟೆಡ್ಡಿ ಅನ್ನೋದು ಥಿಯೊಡೋರ್ ರೂಸ್‌ವೆಲ್ಟ್ ಅವರ ಅಡ್ಡಹೆಸರು. 1902ರಲ್ಲಿ ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ ಜೊತೆಯವರು ಕರಡಿಯೊಂದನ್ನು ಮರಕ್ಕೆ ಕಟ್ಟಿ, ಹೊಡೆಯಿರಿ ಎಂದರು. ಇವರು ಒಪ್ಪಲಿಲ್ಲ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಆಮೇಲೆ ಗೊಂಬೆ. ಗಾಯಗೊಂಡಿದ್ದ ಆ ಕರಡಿಯನ್ನು ಬೇರೆಯವರು ಕೊಂದರು. ಮಗಳಿಗೆ ಅದನ್ನು ಹೇಳಬೇಡಿ!

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜಿಸುವ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಾಡು ಸುತ್ತಿದವರಿಗೇ ಅದು ಕರಗುವುದು ಮೊದಲು ಕಾಣುವುದು, ಅಲ್ವಾ? ಟೋಪಿಯ ಗರಿಗಾಗಿ ಹಕ್ಕಿ ಕೊಲ್ಲುತ್ತಿದ್ದ ಕಾಲವದು. 1903ರಲ್ಲಿ ರೂಸ್‌ವೆಲ್ಟ್ ಫ್ಲೋರಿಡಾದ ಪೆಲಿಕನ್ ದ್ವೀಪವನ್ನು ಹಕ್ಕಿಗಳಿಗೇ ಬಿಟ್ಟುಕೊಟ್ಟರು. ಅಧಿಕಾರ ಬಿಡುವ ಹೊತ್ತಿಗೆ ಸುಮಾರು 23 ಕೋಟಿ ಎಕರೆಗೆ ರಕ್ಷಣೆ ಸಿಕ್ಕಿತ್ತು. ಅಂದರೆ ನಮ್ಮ ಕೊಡಗಿನಂಥ ಇನ್ನೂರಕ್ಕೂ ಜಾಸ್ತಿ ಜಿಲ್ಲೆ!



ಬೇಟೆ ಬಿಟ್ಟರಾ? ಎಲ್ಲಿ! 1909ರಲ್ಲಿ ಕುರ್ಚಿ ಇಳಿದವರೇ ಕೋವಿ ಹಿಡಿದು ಆಫ್ರಿಕಾಕ್ಕೆ ಹೊರಟರು.