ಕಸದಿಂದ ರಸ ತೆಗೆಯೋಕೆ ಹೊಸ ಬಾಟಲಿ ಯಾಕೆ?

ಓದುಗರ ಪತ್ರ (ಚಿಕ್ಕದು ಮಾಡಿದೆ): "4ನೇ ಕ್ಲಾಸಿನ ಮಗನಿಗೆ ಶಾಲೆಯಲ್ಲಿ 'ಕಸದಿಂದ ರಸ' ಪ್ರಾಜೆಕ್ಟ್ ಕೊಟ್ಟಿದ್ದಾರೆ. ಖಾಲಿ ಬಾಟಲಿ ತರಬೇಕಂತೆ, ನಮ್ಮ ಮನೆಯಲ್ಲಿ ಇರಲಿಲ್ಲ. ಅಂಗಡಿಗೆ ಹೋಗಿ ಜ್ಯೂಸ್ ಬಾಟಲಿ, ಥರ್ಮಾಕೋಲ್, ಗ್ಲಿಟರ್ ಪೇಪರ್ ತಂದೆವು. 'ಅಮ್ಮಾ, ನಾವು ದುಡ್ಡು ಕೊಟ್ಟು ಕಸ ತಂದ್ವಾ?' ಅಂದ. ಇನ್ನೊಂದು. ಹಸಿ ಕಸ, ಒಣ ಕಸ ಬೇರೆ ಮಾಡು ಅಂತ ಅವನಿಗೆ ಕಲಿಸಿದವಳು ನಾನೇ. ಬೆಳಿಗ್ಗೆ ಗಾಡಿಯವರು ಎರಡನ್ನೂ ಒಂದಕ್ಕೇ ಸುರಿದುಕೊಂಡು ಹೋಗುತ್ತಾರೆ. ಅವನು ನನ್ನ ಮುಖ ನೋಡುತ್ತಾನೆ. ಏನು ಹೇಳಲಿ? ಅಂದಹಾಗೆ, ನಿಮ್ಮ ಪತ್ರಿಕೆ ಕೂಡ ಪ್ಲಾಸ್ಟಿಕ್ ಕವರಿನಲ್ಲೇ ಬರುತ್ತದೆ."

ಮೇಡಂ,

ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ನಿಮ್ಮ ಕೊನೇ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಸರಿಯಾಗಿ ಚುಚ್ಚಿತು. ಹಿಂದೆ ನಾವು ಸಂಚಿಕೆಗೆ ಪೇಪರ್ ಪಟ್ಟಿ ಸುತ್ತಿ ಕಳಿಸುತ್ತಿದ್ದೆವು. ಮಳೆಗಾಲದಲ್ಲಿ ಮಲೆನಾಡಿನ ಚಂದಾದಾರರಿಗೆ ಅದು ನೆನೆಸಿದ ಅವಲಕ್ಕಿ ಹಾಗೆ ತಲುಪುತ್ತಿತ್ತು. ಬೈದು ಬರೆದರು. ಪ್ಲಾಸ್ಟಿಕ್ ಕವರಿಗೆ ಹೋದೆವು. ಮಳೆ ಇರುವುದು ನಾಲ್ಕು ತಿಂಗಳು, ಕವರ್ ಹಾಕುತ್ತಿರುವುದು ಹನ್ನೆರಡು ತಿಂಗಳು. ಇದಕ್ಕೆ ಸೋಮಾರಿತನ ಅನ್ನದೆ ಬೇರೆ ಏನೂ ಅನ್ನೋಕಾಗಲ್ಲ. ಮಳೆ ಮುಗಿದ ಮೇಲೆ ಪೇಪರ್ ಪಟ್ಟಿಗೆ ವಾಪಸ್ ಹೋಗುತ್ತೇವೆ, ನಮ್ಮ ಮ್ಯಾನೇಜರ್ ಮುಖ ಗಂಟು ಹಾಕಿಕೊಂಡೇ ಒಪ್ಪಿದ್ದಾರೆ.

ಇನ್ನೊಂದು ತಪ್ಪೂ ನಮ್ಮದೇ. ಬಾಟಲಿಯಿಂದ ಪೆನ್ ಸ್ಟ್ಯಾಂಡ್, ಬಾಟಲಿಯಿಂದ ಆನೆ, ಬಾಟಲಿಯಿಂದ ಹೂದಾನಿ ಅಂತ ನಮ್ಮ ಮಕ್ಕಳ ಪುಟದಲ್ಲಿ ಎಷ್ಟು ಸಲ ಅಚ್ಚು ಹಾಕಿದ್ದೇವೋ ಲೆಕ್ಕ ಇಲ್ಲ. ನಿಮ್ಮ ಮಗ ಕೇಳಿದ ಪ್ರಶ್ನೆಯನ್ನು ನಾವ್ಯಾರೂ ಕೇಳಿಕೊಂಡಿರಲಿಲ್ಲ.

ಪತ್ರ ಓದಿದ ಮೇಲೆ ಸುಮ್ನೆ ಕೂರೋಕಾಗದೆ, ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಬೀದಿ ಕೊನೆಯ ಗುಜರಿ ಅಂಗಡಿಗೆ ಹೋದೆ. ಹಳೇ ಪೇಪರ್ ಜೊತೆ ಒಂದು ಚೀಲ ಬಾಟಲಿ ಒಯ್ದಿದ್ದೆವು. ಅದರಲ್ಲಿ ಅವಳು ಹೋದ ವರ್ಷ ಶಾಲೆಗೆ ಮಾಡಿದ ಗುಬ್ಬಿ ಗೂಡೂ ಇತ್ತು. ಬಾಟಲಿಗೆ ಆಯಿಲ್ ಪೇಂಟ್ ಬಳಿದು, ಮೇಲೆ ಗಮ್ ಹಾಕಿ ಉಲ್ಲನ್ ದಾರ ಸುತ್ತಿದ್ದು. ಅಂಗಡಿಯವರು ಒಂದೊಂದೇ ಬಾಟಲಿ ಎತ್ತಿ, ಮುಚ್ಚಳ ತಿರುಚಿ ಬೇರೆ ಡಬ್ಬಕ್ಕೆ ಹಾಕಿ, ಬಾಟಲಿಯನ್ನು ಕಾಲಲ್ಲಿ ಮೆಟ್ಟಿ ಮೂಟೆಗೆ ಎಸೆಯುತ್ತಿದ್ದರು. ಗುಬ್ಬಿ ಗೂಡು ಕೈಗೆ ಬಂದಾಗ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. "ಇದು ಆಗಲ್ಲ ಪುಟ್ಟಿ, ಬಣ್ಣ ಆಗಿದೆ."

ಅವಳಿಗೆ ಅಳು ಬಂತು. ನನಗೆ ತಲೆಗೆ ಹೋಯಿತು. ಬಣ್ಣ, ಗೋಂದು, ಗ್ಲಿಟರ್ ಹತ್ತದಿದ್ದರೆ ಆ ಬಾಟಲಿ ಚೂರಾಗಿ, ತೊಳೆದು, ಕರಗಿ ಪಾಲಿಯೆಸ್ಟರ್ ದಾರವೋ ದಿಂಬಿನೊಳಗೆ ತುಂಬುವ ಹತ್ತಿಯಂಥ ನಾರೋ ಆಗುತ್ತಿತ್ತು. ನಾವು 'ಕಸದಿಂದ ರಸ' ಮಾಡಿ ಅದನ್ನು ನಿಜವಾದ ಕಸ ಮಾಡಿದೆವು! ಥರ್ಮಾಕೋಲ್ ಅಂತೂ ಕೇಳಲೇಬೇಡಿ. ಅದರಲ್ಲಿ ನೂರಕ್ಕೆ ಹೆಚ್ಚುಕಮ್ಮಿ 98 ಭಾಗ ಬರೀ ಗಾಳಿ, ಗುಜರಿಯವರು ಕೊಳ್ಳುವುದು ತೂಕಕ್ಕೆ. ಒಂದು ಟೆಂಪೋ ತುಂಬಿದರೂ ತೂಕ ಬರದ ಮಾಲನ್ನು ಯಾರು ಸಾಗಿಸುತ್ತಾರೆ? ಚಿಪ್ಸ್ ಪ್ಯಾಕೆಟ್ಟೂ ಹಾಗೆಯೇ. ಒಳಗೆ ಬೆಳ್ಳಿ ಹಾಗೆ ಹೊಳೆಯುವ ಪದರ, ಹೊರಗೆ ಬಣ್ಣದ ಪ್ಲಾಸ್ಟಿಕ್, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸೋಕೆ ಬರಲ್ಲ. ಆರಿಸಿ ಇಟ್ಟದ್ದು ಬಹಳಷ್ಟು ಸಿಮೆಂಟ್ ಫ್ಯಾಕ್ಟರಿಯ ಗೂಡಿನಲ್ಲಿ ಉರುವಲಾಗುತ್ತದೆ. ಮರುಬಳಕೆ ಗುರುತು ಅಂತ ಮೂರು ಬಾಣದ ಹಸಿರು ಚಿತ್ರ ಬಿಡಿಸಿ ಮಾರ್ಕ್ಸ್ ತೆಗೆಯುವ ಮಗುವಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಶಾಲೆಯಲ್ಲಿ ಪರಿಸರ ಪಾಠ ಇಲ್ಲವೇ ಅಂದರೆ, ಬೇಕಾದಷ್ಟಿದೆ. ಎಲ್ಲ ಹಂತದಲ್ಲೂ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಆಗ ಹುಟ್ಟಿದ ಮಕ್ಕಳೇ ಈಗ ಅಪ್ಪ ಅಮ್ಮ ಆಗಿದ್ದಾರೆ. ಮಾಲಿನ್ಯದ ವಿಧಗಳು ಯಾವುವು ಅಂದರೆ ಜಲ, ವಾಯು, ಶಬ್ದ ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಬಸ್ಸಿನ ಕಿಟಕಿಯಿಂದ ಕವರ್ ಎಸೆಯುತ್ತಾರೆ. ಪ್ಲಾಸ್ಟಿಕ್ ಕರಗೋಕೆ 450 ವರ್ಷ ಬೇಕು ಅಂತ ಗೋಡೆ ಮೇಲೆ ಚಾರ್ಟ್ ಬೇರೆ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್, ಬೇಕಲೈಟ್, ಬಂದದ್ದೇ 1907ರಲ್ಲಿ. 450 ವರ್ಷ ಕಾದು ನೋಡಿದವರು ಯಾರು? ಅದು ಅಂದಾಜು, ತಪ್ಪೇನಿಲ್ಲ. ಆದರೆ ಒಂಬತ್ತು ವರ್ಷದ ಹುಡುಗನಿಗೆ 450 ವರ್ಷವೂ ಒಂದೇ, ನಾಲ್ಕು ಸಾವಿರ ವರ್ಷವೂ ಒಂದೇ. ಅವನಿಗೆ ಕಣ್ಣೆದುರು ಆಗುವುದು ಬೇಕು.

ಅದಕ್ಕೇ ಒಂದು ಕೆಲಸ ಮಾಡಿ. ಆ ಜ್ಯೂಸ್ ಬಾಟಲಿಗೆ ಬಣ್ಣ ಬಳಿಯಬೇಡಿ. ತೊಳೆದು, ಬಾಟಲಿಯಿಂದ ಉಗುರಿನಷ್ಟು ಒಂದು ಚೂರು, ಮುಚ್ಚಳದಿಂದ ಒಂದು ಚೂರು ನೀವೇ ಕತ್ತರಿಸಿ ಕೊಡಿ, ಮುಚ್ಚಳ ಗಟ್ಟಿ ಇರುತ್ತದೆ, ಮಗುವಿನ ಕೈಗೆ ಕತ್ತರಿ ಬೇಡ. ಒಂದು ಬಕೆಟ್ ನೀರಿಗೆ ಒಂದು ತೊಟ್ಟು ಸೋಪು ಹಾಕಿ, ಎರಡೂ ಚೂರನ್ನು ಬೆರಳಲ್ಲಿ ಅದ್ದಿ ಬಿಡಲು ಹೇಳಿ. ಬಾಟಲಿ ಚೂರು ಮುಳುಗುತ್ತದೆ, ಮುಚ್ಚಳದ ಚೂರು ಮೇಲೆ ತೇಲುತ್ತದೆ. ನಮ್ಮ ಕಣ್ಣಿಗೆ ಎರಡೂ ಪ್ಲಾಸ್ಟಿಕ್ಕೇ, ಆದರೆ ಜಾತಿ ಬೇರೆ. ಬಾಟಲಿಯದು ಪೆಟ್ (PET) ಅನ್ನುವ ಪ್ಲಾಸ್ಟಿಕ್, ಬಾಟಲಿ ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ. ಮರುಬಳಕೆ ಕಾರ್ಖಾನೆಯಲ್ಲೂ ದೊಡ್ಡ ತೊಟ್ಟಿ ನೀರಿಗೆ ಚೂರು ಸುರಿದು ಹೀಗೇ ಬೇರೆ ಮಾಡುತ್ತಾರೆ. ಗುಜರಿಯವರು ಮುಚ್ಚಳ ತಿರುಚಿದ್ದು ಯಾಕೆ ಅಂತ ನನ್ನ ಮೊಮ್ಮಗಳಿಗೆ ಆ ಬಕೆಟ್ಟಿನ ಮುಂದೆ ಕೂತಾಗ ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೂ ಆಗಲೇ.

ಆ ಬಕೆಟ್ಟನ್ನೇ ಪ್ರಾಜೆಕ್ಟ್ ಅಂತ ಶಾಲೆಗೆ ಕಳಿಸಿ. ಟೀಚರ್ ಮಾರ್ಕ್ಸ್ ಕೊಡದಿದ್ದರೆ ನನಗೆ ಬರೆಯಿರಿ, ನಮ್ಮ ಮಕ್ಕಳ ಪುಟದಲ್ಲಿ ಹಾಕುತ್ತೇವೆ.

ಈಗ ಗಾಡಿ ವಿಷಯ. ಮಗನಿಗೆ ಸುಳ್ಳು ಹೇಳಬೇಡಿ. "ಅವರು ಮಾಡುತ್ತಿರುವುದು ತಪ್ಪು, ದೊಡ್ಡವರು ಸರಿ ಮಾಡಬೇಕು" ಅಂತ ನೇರ ಹೇಳಿ. ಮನೆಯಲ್ಲೇ ಬೇರೆ ಮಾಡಿ ಕೊಡಬೇಕು, ಬೇರೆಯಾಗಿಯೇ ಒಯ್ಯಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಅರ್ಜಿ ಬರೆಯುವುದು, ಕೇಳುವುದು ನಿಮ್ಮ ಕೆಲಸ, ಅವನದಲ್ಲ. ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ಜಾಥಾ ಮಾಡಿಸಿ, ನಾವು ನೆರಳಲ್ಲಿ ನಿಂತು ಫೋಟೋ ತೆಗೆಯುವುದು ನನಗೆ ಮೊದಲಿಂದಲೂ ಸೇರುವುದಿಲ್ಲ.

ಸರಿಯಾದ ಉದಾಹರಣೆ ಬೇಕಾದರೆ ಬೆಂಗಳೂರಿದೆ. ಅಲ್ಲಿನ ಕಸ ವರ್ಷಗಟ್ಟಲೆ ಹತ್ತಿರದ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಬೀಳುತ್ತಿತ್ತು. ಊರವರು ನೊಣ, ವಾಸನೆ, ಕೆಟ್ಟ ಬಾವಿ ನೀರು ಸಹಿಸಿ ಸಾಕಾಗಿ ಬೀದಿಗೆ ಇಳಿದರು. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಿತು, 2014ರಲ್ಲಿ ಮಂಡೂರಿಗೆ. ಆಮೇಲೆ 2015ರಲ್ಲಿ ಹೈಕೋರ್ಟ್ ಹೇಳಿತು: ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್ ಥರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ. ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಇವತ್ತು ಅಲ್ಲಿ ಎಷ್ಟೋ ವಾರ್ಡುಗಳಲ್ಲಿ ಒಣ ಕಸದ ಕೇಂದ್ರ ನಡೆಸುತ್ತಾರೆ. ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ, ಬೆಂಗಳೂರಿನವರು ನಗುತ್ತಾರೆ. ಆದರೆ ಕೇಳಿದ್ದಕ್ಕೆ ಇಷ್ಟಾದರೂ ಆಯಿತು.

ನಿಮ್ಮ ಊರಲ್ಲಿ ಸರಿಹೋಗುವವರೆಗೆ ಗಾಡಿಗೆ ಬೆರೆಸೋಕೆ ಏನೂ ಕೊಡಬೇಡಿ. ಒಣ ಕಸ ಒಂದು ಚೀಲದಲ್ಲಿ ಕೂಡಿಡಿ, ತಿಂಗಳಿಗೊಮ್ಮೆ ಗುಜರಿಗೆ. ಸಿಕ್ಕ ಹತ್ತಿಪ್ಪತ್ತು ರೂಪಾಯಿ ಮಗನದೇ ಆಗಲಿ. ಹಾಲಿನ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಅರ್ಧ ಕತ್ತರಿಸಿ ಹಾಲು ಸುರಿದು, ತೊಳೆದು, ಹಂಚಿಗೋ ಟೈಲ್ಸಿಗೋ ಅಂಟಿಸಿ ಒಣಗಿಸಿದರೆ ಸಾಕು. ಒಡೆದ ಗ್ಲಾಸನ್ನು ಮಾತ್ರ ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಗಾಜು' ಅಂತ ಬರೆಯುವ ಕೆಲಸ ಮಗನಿಗೆ ಕೊಡಿ. ಪೌರಕಾರ್ಮಿಕರು ಚೀಲ ಎತ್ತುವುದು ಬರೀ ಕೈಯಲ್ಲಿ.

ಹಸಿ ಕಸ ಗೊಬ್ಬರ ಮಾಡೋಕೆ ತೂತು ಮಾಡಿದ ಒಂದು ಮಣ್ಣಿನ ಮಡಕೆ ಸಾಕು. ಒಂದು ಹಿಡಿ ಸಿಪ್ಪೆ, ಎರಡು ಹಿಡಿ ಒಣ ಎಲೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ. ಬಿಳಿ ಬೂಷ್ಟು ಬಂದರೆ ಒಳ್ಳೇದೇ. ಹುಳ ಕಂಡರೆ ಕಿರುಚುವುದು ಮಕ್ಕಳಲ್ಲ, ನಾವು. ನಮ್ಮ ಮನೆಯ ಮಡಕೆಯೊಳಗೆ ಕೈ ಹಿಡಿದು ಮೊಮ್ಮಗಳು ಓಡಿ ಬಂದು ಹೇಳಿದ್ದು, "ತಾತ, ಕಸಕ್ಕೆ ಜ್ವರ ಬಂದಿದೆ." ಕೊಳೆಯುವಾಗ ಬೆಚ್ಚಗಾಗುತ್ತದೆ ಅಂತ ಮೂರು ಪುಟ ಬರೆದರೂ ಅಷ್ಟು ಚೆನ್ನಾಗಿ ಹೇಳೋಕೆ ನನ್ನಿಂದ ಆಗುತ್ತಿರಲಿಲ್ಲ.

ಹಿಂದಿನ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಮಾತ್ರ ಮಗನಿಗೆ ಪುರಾಣ ಹೇಳಬೇಡಿ. ನಮ್ಮ ಮನೆಯಲ್ಲಿ ಕಸ ಕಮ್ಮಿ ಇದ್ದದ್ದು ನಾವು ಬಲು ಒಳ್ಳೆಯವರು ಅಂತಲ್ಲ, ಕೊಳ್ಳೋಕೆ ದುಡ್ಡಿರಲಿಲ್ಲ. ವರ್ಷದ ಕೊನೆಗೆ ನೋಟ್‌ಬುಕ್ಕಿನ ಉಳಿದ ಹಾಳೆ ಕಿತ್ತು ಅಮ್ಮ ದಬ್ಬಣದಲ್ಲಿ ಹೊಲಿದು ರಫ್ ಬುಕ್ ಮಾಡಿಕೊಡುತ್ತಿದ್ದರು, ನನಗೆ ಅದನ್ನು ಕ್ಲಾಸಿಗೆ ಒಯ್ಯೋಕೆ ನಾಚಿಕೆ. ಈಗಿನ ಶಾಲೆಗಳು ಪುಸ್ತಕಕ್ಕೆ ಬೈಂಡ್ ಹಾಕಿ, ಅದರ ಮೇಲೊಂದು ಪ್ಲಾಸ್ಟಿಕ್ ಕವರೂ ಹಾಕಿ ಅನ್ನುತ್ತವಲ್ಲ, ಪೇರೆಂಟ್ಸ್ ಮೀಟಿಂಗಿನಲ್ಲಿ ಪ್ರಾಜೆಕ್ಟಿನ ಜೊತೆ ಅದನ್ನೂ ಒಂದು ಮಾತು ಕೇಳಿ ನೋಡಿ.

ನಿಮ್ಮ ಪತ್ರ ಬಂದ ಲಕೋಟೆ ನನ್ನ ಮೇಜಿನ ಮೇಲೇ ಇದೆ. ಹಳೇ ಕ್ಯಾಲೆಂಡರ್ ಹಾಳೆ ಮಡಿಸಿ ಅಂಟಿಸಿದ್ದು. ಬಿಡಿಸಿ ನೋಡಿದೆ, ಕ್ಷಮಿಸಿ. ಆಗಸ್ಟ್ ತಿಂಗಳು. 14ಕ್ಕೆ 'ಹಾಲು ಇಲ್ಲ', 21ಕ್ಕೆ 'ಅರ್ಧ ಲೀ. ಜಾಸ್ತಿ', 27ಕ್ಕೆ 'ಗ್ಯಾಸ್ ಬಂತು'.