ಮೊದಲ ಫೆಲ್ ರೇಸಿನಲ್ಲಿ ಕೊನೆಯವನಾಗಿ ಬಂದರೆ?

ರಸ್ತೆಯಲ್ಲಿ 10 ಕಿಲೋಮೀಟರನ್ನು 55 ನಿಮಿಷದಲ್ಲಿ ಓಡುತ್ತೀರಿ, ಓಟದ ಕ್ಲಬ್ಬಿನವರು ಫೆಲ್ ರೇಸಿಗೆ, ಅಂದರೆ ಇಂಗ್ಲೆಂಡಿನ ಬೋಳು ಬೆಟ್ಟಗಳನ್ನು ಹತ್ತಿ ಇಳಿಯುವ ಓಟಕ್ಕೆ, ಕರೆಯುತ್ತಿದ್ದಾರೆ, ಕೊನೆಯವನಾದರೆ ಮಾನ ಹೋಗುತ್ತದೆ ಅನ್ನೋ ಭಯ. ಯಾವ ಶೂ, ಎಷ್ಟು ತಿಂಗಳ ತಯಾರಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನಗೂ ಇದೇ ಭಯ ಇತ್ತು. ಆ ಭಯವೇ ನನ್ನ ಕೈಲಿ ದೊಡ್ಡ ತಪ್ಪು ಮಾಡಿಸಿತು.

ನಾನಿರುವುದು ಮ್ಯಾಂಚೆಸ್ಟರ್ ಹತ್ತಿರ. ಕ್ಲಬ್ ಸೇರಿ ನಾಲ್ಕು ತಿಂಗಳಾಗಿತ್ತು. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಲ್ಯಾಂಕಶೈರಿನ ಪೆಂಡಲ್ ಬೆಟ್ಟದ ಮೇಲೆ ಒಂದು ಸಣ್ಣ ರೇಸ್. ಬೆಟ್ಟದ ಎತ್ತರ 557 ಮೀಟರ್. ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ವಾ? ಕುಮಾರ ಪರ್ವತ ಹತ್ತಿದವನಿಗೆ ಇದೇನು ಲೆಕ್ಕ ಅಂದುಕೊಂಡೆ. ಆದರೆ ಇಲ್ಲಿ ನೋಡಬೇಕಾದ್ದು ಎತ್ತರವನ್ನಲ್ಲ. ಬೆಟ್ಟ ಬೋಳು, ಗಾಳಿಗೆ ಅಡ್ಡ ಒಂದು ಮರವಿಲ್ಲ. ಕಪ್ಪು ಪೀಟ್ ಮಣ್ಣಿನಲ್ಲಿ ಕಾಲು ಹೂತುಹೋಗುತ್ತದೆ. ತುದಿಯಲ್ಲಿ ಅಗಲವಾದ ಬಯಲು. ಮಂಜು ಕವಿದರೆ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ.

ಏರು ಶುರುವಾದ ಕೂಡಲೇ ಕ್ಲಬ್ಬಿನ ಹಳಬರೆಲ್ಲ ಮೊಣಕಾಲ ಮೇಲೆ ಕೈ ಊರಿ ನಡೆಯತೊಡಗಿದರು. ನಡೆದರೆ ಹಿಂದೆ ಬೀಳುತ್ತೇನೆ ಅಂತ ನಾನು ಓಡಿದೆ. ತುದಿ ಮುಟ್ಟುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು, ಒಬ್ಬೊಬ್ಬರಾಗಿ ಎಲ್ಲರೂ ನನ್ನನ್ನು ದಾಟಿ ಹೋಗಿದ್ದರು. ಅಷ್ಟರಲ್ಲಿ ಮಂಜು ಇಳಿಯಿತು. ಮುಂದೆ ಒಂದು ನೆರಳು ಕಂಡಿತು, ಅದರ ಹಿಂದೆ ಹೋದೆ. ಅವರು ಓಟಗಾರರೇ ಅಲ್ಲ, ಸುಮ್ನೆ ನಡೆಯಲು ಬಂದವರು. ದಿಕ್ಸೂಚಿ ನನ್ನ ಸೊಂಟದ ಚೀಲದಲ್ಲೇ ಇತ್ತು. ತೆಗೆದು ನೋಡಲಿಲ್ಲ. ರೇಸ್ ಶುರುವಾಗಿದ್ದು ಬಾರ್ಲಿ ಹಳ್ಳಿಯಲ್ಲಿ. ನಾನು ಇಳಿದದ್ದು ಬೆಟ್ಟದ ಆಚೆ ಬದಿಯ ಡೌನ್‌ಹ್ಯಾಮ್ ಹಳ್ಳಿಗೆ.

ದಾರಿ ತಪ್ಪುವುದು ದೊಡ್ಡ ವಿಷಯವಲ್ಲ, ಇಲ್ಲಿ ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ನನ್ನ ತಪ್ಪು ಅದಾದ ಮೇಲಿನದ್ದು. ಒಬ್ಬ ಹೆಂಗಸು ಕಾರಿನಲ್ಲಿ ಬಾರ್ಲಿಗೆ ತಂದು ಬಿಟ್ಟರು. ಫಿನಿಶ್ ಅಲ್ಲಿಂದ ಇನ್ನೂರು ಹೆಜ್ಜೆ ಇರಬಹುದು. ಚಪ್ಪಾಳೆ ಕೇಳಿಸುತ್ತಿತ್ತು. ಕೆಸರು ಮೆತ್ತಿಕೊಂಡು, ಓಡದೆ, ಅವರೆದುರು ಹೇಗೆ ಹೋಗಿ ನಿಲ್ಲಲಿ? ನಾಚಿಕೆಯಾಯಿತು. ಎದೆ ಮೇಲಿನ ನಂಬರ್ ಕೂಡ ಬಿಚ್ಚದೆ ನನ್ನ ಕಾರು ಹತ್ತಿ ಮನೆಗೆ ಬಂದೆ. ಸ್ನಾನ ಮಾಡಿ ಫೋನ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್.

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ರಸ್ತೆ ಓಟದಿಂದ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ರಸ್ತೆ ರೇಸಿನಲ್ಲಿ ಅರ್ಧಕ್ಕೆ ಬಿಟ್ಟು ಮನೆಗೆ ಹೋದರೆ ಯಾರೂ ಹುಡುಕುವುದಿಲ್ಲ. ಫೆಲ್ ರೇಸಿನಲ್ಲಿ ಹೊರಟ ನಂಬರುಗಳನ್ನೂ ಬಂದ ನಂಬರುಗಳನ್ನೂ ತಾಳೆ ನೋಡುತ್ತಾರೆ. ಒಂದು ಕಮ್ಮಿಯಾದರೂ ಆ ಮನುಷ್ಯ ಇನ್ನೂ ಬೆಟ್ಟದ ಮೇಲಿದ್ದಾನೆ ಅಂತಲೇ ಲೆಕ್ಕ. ಕಾಲು ಮುರಿದುಕೊಂಡು, ಚಳಿಯಲ್ಲಿ ನಡುಗುತ್ತಾ ಬಿದ್ದಿರಬಹುದು ಅಂತ. ಅವತ್ತು ನಮ್ಮ ಕ್ಲಬ್ಬಿನ ಅರವತ್ತು ದಾಟಿದ ಹಿರಿಯರೊಬ್ಬರು, ಆಗಲೇ ರೇಸ್ ಮುಗಿಸಿದ್ದವರು, ಹೆಡ್‌ಟಾರ್ಚ್ ಕಟ್ಟಿಕೊಂಡು ನನ್ನನ್ನು ಹುಡುಕಲು ಮತ್ತೆ ಬೆಟ್ಟ ಹತ್ತಿದ್ದರು. ನಾನು ಫೋನ್ ಮಾಡಿದಾಗ ರೇಸ್ ನಡೆಸುವವರು ಮೌಂಟನ್ ರೆಸ್ಕ್ಯೂ ತಂಡವನ್ನು, ಅಂದರೆ ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವವರನ್ನು, ಕರೆಯುವುದರಲ್ಲಿದ್ದರು. ಆ ತಂಡದವರೂ ಸಂಬಳವಿಲ್ಲದ ಸ್ವಯಂಸೇವಕರು, ಮನೆಮಠ ಬಿಟ್ಟು ಬರುವವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಂಗಳವಾರ ತರಬೇತಿಗೆ ಹೋಗಿ ಎಲ್ಲರೆದುರು ಕ್ಷಮೆ ಕೇಳಿದೆ. ಆ ಹಿರಿಯರು, "ಬದುಕಿದ್ದೀಯಲ್ಲ, ಸಾಕು. ಗುರುವಾರ ನನ್ನ ಜೊತೆ ಬಾ, ದಿಕ್ಸೂಚಿ ಹಿಡಿಯೋದು ಕಲಿಸ್ತೀನಿ" ಅಂದರು. ಹೋದೆ. ಈಗಲೂ ಹೋಗುತ್ತಿದ್ದೇನೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಕೊನೆಯವರಿಗೆ ಇಲ್ಲಿ ಮಾನ ಹೋಗುವುದಿಲ್ಲ, ಅವರು ಬರುವವರೆಗೂ ಜನ ಕಾಯುತ್ತಾರೆ. 55 ನಿಮಿಷದ ಲೆಕ್ಕ ಮರೆತುಬಿಡಿ. ರೇಸಿನ ಹೆಸರಿನ ಮುಂದೆ 'ಎಎಸ್' ಅಂತಿದ್ದರೆ, ಎ ಅಂದರೆ ಕಿಲೋಮೀಟರಿಗೆ ಸರಾಸರಿ ಕನಿಷ್ಠ 50 ಮೀಟರ್ ಏರು, ಎಸ್ ಅಂದರೆ 10 ಕಿಲೋಮೀಟರ್ ಒಳಗಿನ ದೂರ. ಅಂಥ ಏರಿನಲ್ಲಿ ನಡೆಯಿರಿ, ನಾಚಿಕೆ ಬೇಡ. ಮಳೆ ಜಾಕೆಟ್, ಮಳೆ ಪ್ಯಾಂಟ್, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ಸ್ವಲ್ಪ ತಿಂಡಿ ಇವನ್ನು ಹೊತ್ತು ಓಡುವುದು ಈಗಲೇ ಅಭ್ಯಾಸವಾಗಲಿ. ಅರ್ಧಕ್ಕೆ ಬಿಡಬೇಕಾಗಿ ಬಂದರೆ, ಎಷ್ಟೇ ನಾಚಿಕೆಯಾದರೂ ಮೊದಲು ಫಿನಿಶ್‌ಗೆ ಹೋಗಿ ನಿಮ್ಮ ನಂಬರ್ ಹೇಳಿ.

ಶೂ ಬಗ್ಗೆ ಕೇಳಿದ್ದಿರಿ. ಅಡಿಯಲ್ಲಿ ಉದ್ದ ಹಲ್ಲುಗಳಿರುವ ಫೆಲ್ ಶೂ ತಗೊಳ್ಳಿ, ರಸ್ತೆ ಶೂ ಒದ್ದೆ ಹುಲ್ಲಿನಲ್ಲಿ ಜಾರುತ್ತದೆ. ತಯಾರಿಗೆ ತಿಂಗಳುಗಟ್ಟಲೆ ಕಾಯಬೇಡಿ. ರೇಸಿಗೆ ಮೊದಲು ಒಂದು ದಿನ ಕ್ಲಬ್ಬಿನವರ ಜೊತೆ ಆ ದಾರಿಯಲ್ಲೇ ನಡೆದು ಬನ್ನಿ. ಎಲ್ಲಿ ತಿರುಗಬೇಕು ಅಂತ ಅವರನ್ನೇ ಕೇಳಿ, ಖುಷಿಯಿಂದ ತೋರಿಸುತ್ತಾರೆ.