ಮೊಲಗಳು ಜಗಳವಾಡಿದವು ಅಂತ ವಾಪಸ್ ಕೊಡಬೇಡಿ, ಸದ್ಯಕ್ಕೆ ಬೇರೆ ಇಡಿ

ಮೇಡಂ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 2 ವರ್ಷದ ಗಂಡು ಮೊಲ ಒಂದೇ ಇತ್ತು. ದಿನವಿಡೀ ಮೂಲೆಯಲ್ಲಿ ಕೂತಿರುತ್ತಿತ್ತು, ಇಲ್ಲವೇ ಪಂಜರದ ಸರಳು ಕಡಿಯುತ್ತಿತ್ತು. ಪಾಪ, ಒಂಟಿ ಅಂತ 5 ತಿಂಗಳ ಹೆಣ್ಣು ಮೊಲ ತಂದು ಅದೇ ಪಂಜರಕ್ಕೆ ಬಿಟ್ಟಿರಿ. ಐದೇ ನಿಮಿಷಕ್ಕೆ ಕೂದಲು ಹಾರಾಡಿತು. ಈಗ ಹೊಸದನ್ನು ವಾಪಸ್ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ.

ಕೊಡಬೇಡಿ. ಈಗಲೇ ಎರಡನ್ನೂ ಬೇರೆ ಬೇರೆ ಕಡೆ ಇಡಿ. ಆಮೇಲೆ ಒಂದೊಂದನ್ನೇ ಹತ್ತಿರ ಕರೆದು ಕೂದಲು ಬಿಡಿಸಿ ಮೈಯೆಲ್ಲಾ ನೋಡಿ. ಕಿವಿ, ಬೆನ್ನು, ಹೊಟ್ಟೆಯ ಕೆಳಗೆ, ಬಾಲದ ಬುಡ. ಮೊಲದ ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಗಟ್ಟಿ ಕೀವು ಕಟ್ಟುತ್ತದೆ. ಗಾಯ ಸಿಕ್ಕರೆ ಡಾಕ್ಟರಿಗೆ ತೋರಿಸಿ, ಸುಮ್ನೆ ಅರಿಶಿನ ಹಚ್ಚಿ ಬಿಡಬೇಡಿ.

ನಾನೂ ಇದೇ ತಪ್ಪು ಮಾಡಿದವನು. ನಮ್ಮ ಕಾಳ ಇದ್ದ ಕೋಣೆಗೆ ಬೆಳ್ಳಿಯನ್ನು ಮೊದಲ ದಿನವೇ ಬಿಟ್ಟೆ. ಅವಳ ಕಿವಿಯ ತುದಿ ಇವತ್ತಿಗೂ ಸ್ವಲ್ಪ ಹರಿದಿದೆ. ಈಗ ಇಬ್ಬರೂ ಒಂದೇ ಡಬ್ಬದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಲಗುತ್ತಾರೆ. ನಡುವೆ ಎರಡೂವರೆ ತಿಂಗಳು ಹೋಯಿತು, ಅಷ್ಟೇ.

ತಪ್ಪು ಎಲ್ಲಾಯಿತು ಅಂದರೆ, ಮೊಲ ಗುಂಪಿನ ಪ್ರಾಣಿ ನಿಜ, ಆದರೆ ಜಾಗದ ವಿಷಯದಲ್ಲಿ ಬಹಳ ಬಿಗಿ. ಗದ್ದದ ಕೆಳಗೆ ಅದಕ್ಕೆ ವಾಸನೆಯ ಗ್ರಂಥಿಗಳಿವೆ. ಕುರ್ಚಿಯ ಕಾಲು, ಬಟ್ಟಲು, ನಿಮ್ಮ ಚಪ್ಪಲಿ, ಎಲ್ಲಕ್ಕೂ ಗದ್ದ ಉಜ್ಜಿ 'ಇದು ನನ್ನದು' ಅಂತ ಬರೆದಿಟ್ಟಿರುತ್ತದೆ. ಎರಡು ವರ್ಷ ಹಾಗೆ ಬರೆದಿಟ್ಟ ಪಂಜರದೊಳಗೆ ಗೊತ್ತಿಲ್ಲದವಳೊಬ್ಬಳು ಬಂದು ನಿಂತರೆ ಇನ್ನೇನು ಮಾಡೀತು? ನೀವು ಅವಳನ್ನು ತಂದದ್ದು ಗೆಳತಿ ಅಂತ. ಅವನಿಗೆ ಕಂಡದ್ದು ಮನೆಗೆ ನುಗ್ಗಿದ ಕಳ್ಳಿ.

ಮುಂದಿನದ್ದಕ್ಕೆ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ.

ಒಂದು, ಅದು ನಿಜವಾಗಿ ಹೆಣ್ಣಾ? ಚಿಕ್ಕ ಮೊಲಗಳಲ್ಲಿ ಮಾರುವವರೇ ತಪ್ಪು ಹೇಳುವುದು ಜಾಸ್ತಿ. ಡಾಕ್ಟರ ಹತ್ತಿರ ನೋಡಿಸಿ.

ಎರಡು, ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿದೆಯಾ? ನೀವು ಬರೆದಿಲ್ಲ, ಅಂದರೆ ಆಗಿಲ್ಲ ಅಂತಲೇ ಇಟ್ಟುಕೊಳ್ಳುತ್ತೇನೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಎರಡಕ್ಕೂ ಮಾಡಿಸಿ. ಮೊಲದ ಅನುಭವ ಇರುವ ಡಾಕ್ಟರನ್ನೇ ಹುಡುಕಿ. ನಾಯಿ ಬೆಕ್ಕಿನ ಹಾಗೆ ಹಿಂದಿನ ರಾತ್ರಿ ಉಪವಾಸ ಕೆಡವಿ ಕರೆದುಕೊಂಡು ಬನ್ನಿ ಅಂದರೆ ಇನ್ನೊಬ್ಬರನ್ನು ಕೇಳಿ, ಮೊಲವನ್ನು ಹಾಗೆ ಖಾಲಿ ಹೊಟ್ಟೆಯಲ್ಲಿ ಇಡುವಂತಿಲ್ಲ. ಹೆಣ್ಣಿಗೆ 4–5 ತಿಂಗಳಿಗೇ ಗರ್ಭ ನಿಲ್ಲಬಹುದು. ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಬಹುದು. ನಿಮ್ಮಲ್ಲಿ ಆ ಐದು ನಿಮಿಷದಲ್ಲಿ ಏನಾಯಿತೋ ಯಾರಿಗೆ ಗೊತ್ತು, ಅದನ್ನೂ ಡಾಕ್ಟರಿಗೆ ಹೇಳಿ. ಆಪರೇಷನ್ ಆಗದ ಹೆಣ್ಣು ಮೊಲಕ್ಕೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವವೂ ಬಹಳ ಹೆಚ್ಚು. ಗಂಡಿಗೆ ಆಪರೇಷನ್ ಆದ ಮೇಲೂ 4ರಿಂದ 6 ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ. ಆದ್ದರಿಂದ ಹೊಲಿಗೆ ಬಿಚ್ಚಿದ ಕೂಡಲೇ ಜೊತೆಗೆ ಬಿಡಬೇಡಿ. ಮೈಯೊಳಗಿನ ಹಾರ್ಮೋನು ಇಳಿಯಲು ಹೇಗೂ ಅಷ್ಟು ದಿನ ಬೇಕು. ಎರಡಕ್ಕೂ ಆಪರೇಷನ್ ಆದ ಒಂದು ಗಂಡು, ಒಂದು ಹೆಣ್ಣು, ಈ ಜೋಡಿಯಷ್ಟು ಸುಲಭವಾಗಿ ಹೊಂದಿಕೊಳ್ಳುವ ಜೋಡಿ ಮತ್ತೊಂದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ಆಯ್ಕೆ ಸರಿಯಾಗಿಯೇ ಇದೆ.

ಕಾಯುವ ಆ ವಾರಗಳು ದಂಡವಲ್ಲ. ಅದೇ ಕೋಣೆಯಲ್ಲಿ ಎರಡನ್ನೂ ನೆರೆಮನೆಯವರ ಹಾಗೆ ಇಡಿ. ಎರಡು ಜಾಲರಿಯ ನಡುವೆ ಅರ್ಧ ಅಡಿಯಾದರೂ ಅಂತರವಿರಲಿ. ಇಲ್ಲದಿದ್ದರೆ ಸಂದಿಯಲ್ಲೇ ಮೂಗು, ಬೆರಳು ಕಡಿದುಕೊಳ್ಳುತ್ತವೆ. ದಿನಾ ಇವನ ಹೊದಿಕೆ ಅವಳಿಗೆ, ಅವಳ ಹೊದಿಕೆ ಇವನಿಗೆ. ಹಿಕ್ಕೆ, ಉಚ್ಚೆಗೆ ಇಡುವ ಲಿಟರ್ ಟ್ರೇ ಕೂಡ ಹಾಗೇ ಅದಲು ಬದಲು. ಊಟ ಮಾತ್ರ ಇಬ್ಬರಿಗೂ ಜಾಲರಿಯ ಪಕ್ಕದಲ್ಲೇ, ಒಂದೇ ಹೊತ್ತಿಗೆ ಕೊಡಿ. ಮೊದಮೊದಲು ಕಾಲು ಬಡಿದು ಗದ್ದಲ ಮಾಡಬಹುದು. ಒಂದು ದಿನ ನೋಡಿದರೆ ಇವನು ಜಾಲರಿಯ ಈಚೆ, ಅವಳು ಆಚೆ, ಎರಡೂ ಒಂದೇ ಸಾಲಿನಲ್ಲಿ ಮಲಗಿರುತ್ತವೆ. ಅದು ಕಾಣುವವರೆಗೂ ಮುಂದಿನ ಹೆಜ್ಜೆ ಬೇಡ.

ಮುಂದಿನ ಹೆಜ್ಜೆ ಎರಡಕ್ಕೂ ಹೊಸದಾದ ಜಾಗದಲ್ಲಿ. ಇವನು ಒಮ್ಮೆಯೂ ಕಾಲಿಡದ ಬಚ್ಚಲು, ಪಕ್ಕದ ಕೋಣೆ, ಯಾವುದಾದರೂ ಸರಿ. ನೆಲ ಜಾರದ ಹಾಗೆ ಚಾಪೆಯೋ ಹಳೆ ಬೆಡ್‌ಶೀಟೋ ಹಾಸಿ. ಹುಲ್ಲಿನ ರಾಶಿ ಒಂದು ಹಾಕಿ, ತಿನ್ನುತ್ತಾ ಇರುವ ಬಾಯಿ ಕಚ್ಚುವುದು ಕಡಿಮೆ. ಮೊದಲ ದಿನ 10 ನಿಮಿಷ ಸಾಕು. ಚೆನ್ನಾಗಿರುವಾಗಲೇ ಎತ್ತಿಬಿಡಿ. ಇನ್ನೂ ಸ್ವಲ್ಪ ನೋಡೋಣ ಅಂತ ಆಸೆಪಟ್ಟರೆ ಕೆಟ್ಟಿತು. ಕೈಗೆ ದಪ್ಪ ಗ್ಲೌಸ್ ಇರಲಿ, ಪಕ್ಕದಲ್ಲಿ ಒಂದು ದಪ್ಪ ಟವೆಲ್ ಇರಲಿ. ಜಗಳದ ನಡುವೆ ಬರಿಗೈ ಹಾಕಿದರೆ ನಿಮಗೇ ಹೊಲಿಗೆ ಬೀಳುತ್ತದೆ.

ಏನು ನೋಡಬೇಕು? ಬಾಲ ನೆಟ್ಟಗೆ ಎದ್ದು, ಕಿವಿ ಹಿಂದಕ್ಕೆ ಒರಗಿ, ಮೈ ಬಿಗಿಯಾಯಿತೋ, ತಕ್ಷಣ ನಡುವೆ ಟವೆಲ್ ಇಳಿಸಿ. ಎರಡೂ ಒಂದರ ಹಿಂದೊಂದು ಬುಗುರಿಯ ಹಾಗೆ ಸುತ್ತಲು ಶುರು ಮಾಡಿದರೆ ಒಂದು ಕ್ಷಣವೂ ಕಾಯಬೇಡಿ. ಅದರ ಮುಂದಿನದ್ದು ಕಚ್ಚಾಟವೇ. ಸ್ವಲ್ಪ ಅಟ್ಟಿಸಿಕೊಂಡು ಹೋಗುವುದು, ಒಂದೆರಡು ಕೂದಲು ಕೀಳುವುದು, ಒಂದು ಇನ್ನೊಂದರ ಮೇಲೆ ಹತ್ತುವುದು ಇದ್ದದ್ದೇ. ಆಪರೇಷನ್ ಆದವೂ ಹತ್ತುತ್ತವೆ, ಹೆಣ್ಣೂ ಹತ್ತುತ್ತದೆ. ಯಾರು ದೊಡ್ಡವರು ಅಂತ ತೀರ್ಮಾನಿಸುವ ರೀತಿ ಅದು. ಕೆಲವು ಕ್ಷಣ ಬಿಟ್ಟು ಮೆಲ್ಲಗೆ ಇಳಿಸಿ. ಆದರೆ ತಲೆಯ ಕಡೆಯಿಂದ ಹತ್ತಿದರೆ ಕೂಡಲೇ ಇಳಿಸಬೇಕು. ಕೆಳಗಿರುವುದು ಕಚ್ಚಿದರೆ ಎಲ್ಲಿಗೆ ಬೀಳುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಒಂದು ಮೊಲ ಇನ್ನೊಂದರ ಮುಂದೆ ತಲೆ ನೆಲಕ್ಕೆ ಒತ್ತಿ ಕೂರುತ್ತದೆ. ನೋಡಿದವರು ಶರಣಾಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಅಪ್ಪಣೆ: 'ನನ್ನ ಹಣೆ ನೆಕ್ಕು.' ಕಾಳ, ಬೆಳ್ಳಿ ಇಬ್ಬರೂ ಎದುರುಬದುರು ಹಣೆಗೆ ಹಣೆ ಕೊಟ್ಟು, ತಲೆ ತಗ್ಗಿಸಿ, ನೀನೇ ಮೊದಲು ನೆಕ್ಕು ಅಂತ ಇಪ್ಪತ್ತು ನಿಮಿಷ ಅಲುಗಾಡದೆ ಕೂತದ್ದುಂಟು. ನಾನೇ ಮಧ್ಯೆ ಬೆರಳಿನಿಂದ ಒಬ್ಬೊಬ್ಬರ ಹಣೆ ಸವರುತ್ತಿದ್ದೆ. ಅದನ್ನು ಅವನು ಅವಳ ಲೆಕ್ಕಕ್ಕೆ, ಅವಳು ಅವನ ಲೆಕ್ಕಕ್ಕೆ ಹಾಕಿಕೊಂಡರು ಅಂತ ನನ್ನ ನಂಬಿಕೆ. ಹನ್ನೊಂದನೇ ದಿನ ಬೆಳ್ಳಿ ಸೋತಳು, ಎರಡು ಸಲ ನೆಕ್ಕಿದಳು. ಅಲ್ಲಿಂದ ಮುಂದೆ ಎಲ್ಲ ಸಲೀಸು.

ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಬೇಡಿ. ಕೆಲವು ಜೋಡಿ ವಾರದಲ್ಲಿ ಒಂದಾಗುತ್ತವೆ, ಕೆಲವಕ್ಕೆ ತಿಂಗಳುಗಟ್ಟಲೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನಾವು ಹಠ ಹಿಡಿದರೆ ಅವು ಕೇಳುವುದಿಲ್ಲ. ಅಕ್ಕಪಕ್ಕ ಮೈಚಾಚಿ ಮಲಗುವುದು, ಒಂದೇ ರಾಶಿಯಲ್ಲಿ ಹುಲ್ಲು ತಿನ್ನುವುದು, ಒಂದನ್ನೊಂದು ನೆಕ್ಕುವುದು ದಿನಾ ಕಾಣಲು ಶುರುವಾಗಿ, ಅಟ್ಟಾಟ ನಿಂತ ಮೇಲೆ ಮನೆ ಬದಲಿಸಿ. ಹಳೆ ಪಂಜರವನ್ನು ವಿನೆಗರ್ ನೀರಿನಲ್ಲಿ ತೊಳೆದು, ಸಾಮಾನೆಲ್ಲ ಜಾಗ ಬದಲಿಸಿ, ಅವನಿಗೂ ಅದು ಹೊಸಮನೆ ಅನಿಸಬೇಕು. ಒಂದು ರಜಾ ದಿನ ನೋಡಿ ಇದನ್ನು ಮಾಡಿ, ಆ ರಾತ್ರಿ ನೀವೂ ಅದೇ ಕೋಣೆಯಲ್ಲಿ ಮಲಗಿ.

ಒಮ್ಮೆ ಜೋಡಿಯಾದ ಮೇಲೆ ಬೇರ್ಪಡಿಸಬೇಡಿ. ಒಂದಕ್ಕೆ ಹುಷಾರಿಲ್ಲದೆ ಡಾಕ್ಟರ ಹತ್ತಿರ ಹೋದರೂ ಎರಡನ್ನೂ ಒಂದೇ ಬುಟ್ಟಿಯಲ್ಲಿ ಕರೆದೊಯ್ಯಿರಿ. ಒಂದೇ ಹೋಗಿ ಆಸ್ಪತ್ರೆ ವಾಸನೆ ಹೊತ್ತು ಬಂದರೆ ಇನ್ನೊಂದು ಗುರುತು ಹಿಡಿಯದೆ ಮೇಲೆ ಬೀಳಬಹುದು.

ಮೇಲೆ ಕೆಲವರು ಕೊಟ್ಟ ಸಲಹೆಗಳ ಬಗ್ಗೆ ಒಂದೆರಡು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಜೊತೆಗೆ ಗಿನಿ ಪಿಗ್ ಸಾಕಿ ಅಂತ ಒಬ್ಬರು ಅಂದಿದ್ದಾರೆ. ಬೇಡ. ಮೊಲದ ಒಂದು ಒದೆತಕ್ಕೆ ಗಿನಿ ಪಿಗ್‌ನ ಮೂಳೆ ಮುರಿಯಬಹುದು. ಮೊಲಕ್ಕೆ ಸಾಮಾನ್ಯವಾಗಿ ಏನೂ ಮಾಡದ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿ ಪಿಗ್‌ಗೆ ನ್ಯುಮೋನಿಯಾ ತರಬಹುದು. ಗಿನಿ ಪಿಗ್‌ಗೆ ಆಹಾರದಲ್ಲಿ ವಿಟಮಿನ್ ಸಿ ಬೇಕೇ ಬೇಕು, ಮೊಲಕ್ಕೆ ಬೇಡ. ಭಾಷೆಯೂ ಬೇರೆ. ಅಂಗಾತ ಮಲಗಿಸಿದರೆ ಶಾಂತವಾಗುತ್ತದೆ ಅಂತ ಇನ್ನೊಬ್ಬರು ಬರೆದಿದ್ದಾರೆ. ಅದು ಶಾಂತಿ ಅಲ್ಲ, ಬೇಟೆಗೆ ಸಿಕ್ಕ ಪ್ರಾಣಿ ಹೆದರಿ ಮರಗಟ್ಟುವ ಸ್ಥಿತಿ. ಎರಡನ್ನೂ ಕಾರಿನಲ್ಲಿ ಸುತ್ತಾಡಿಸಿ ಹೆದರಿಸಿದರೆ ಅಂಟಿಕೊಳ್ಳುತ್ತವೆ ಅನ್ನುವುದೂ ಹಾಗೆಯೇ. ಅಂಟಿಕೊಳ್ಳುವುದು ಭಯಕ್ಕೆ. ಮನೆಗೆ ಬಂದ ಮೇಲೆ ಮತ್ತೆ ಎಣ್ಣೆ ಸೀಗೆಕಾಯಿ.

ಇನ್ನು ಸರಳು ಕಡಿಯುವ ವಿಷಯ. ಜೊತೆ ಸಿಕ್ಕರೆ ಅದು ತಾನಾಗಿಯೇ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಇಕ್ಕಟ್ಟಿನಲ್ಲಿ ಒಂದರ ಬದಲು ಎರಡು ಕಡಿಯುತ್ತವೆ. ನಿಮ್ಮ ಫೋಟೋದ ಪಂಜರ ಒಂದು ಮೊಲಕ್ಕೂ ಸಾಲದು. ಜೋಡಿಗೆ ಸುಮಾರು 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಹಗಲೂ ರಾತ್ರಿ ಸಿಗಬೇಕು. ಮೂರು ನೆಗೆತ ನೆಗೆಯಲು, ಹಿಂಗಾಲ ಮೇಲೆ ಪೂರ್ತಿ ಎದ್ದು ನಿಲ್ಲಲು ಅಷ್ಟು ಬೇಕು. ಹೊಸ ಪಂಜರ ಕೊಳ್ಳುವ ಬದಲು ಮಡಚುವ ಜಾಲರಿ ತಂದು ಕೋಣೆಯ ಒಂದು ಭಾಗವನ್ನೇ ಸುತ್ತುವರಿಯಿರಿ. ಕರೆಂಟಿನ ವೈರು ಮಾತ್ರ ಒಂದೂ ಎಟುಕಬಾರದು.

ಆಟಿಕೆ ಅಂತ ದುಡ್ಡು ಹಾಕಬೇಡಿ. ಕಾಡಿನ ಮೊಲದ ಎಚ್ಚರದ ಹೊತ್ತಿನಲ್ಲಿ ದೊಡ್ಡ ಪಾಲು ಮೇಯುವುದಕ್ಕೇ ಹೋಗುತ್ತದೆ. ನಿಮ್ಮ ಮೊಲದ ಮುಂದೆ ಬಟ್ಟಲು ತುಂಬಾ ಪೆಲೆಟ್, ಅಂದರೆ ಅಂಗಡಿಯ ಗುಳಿಗೆಯಂಥ ಆಹಾರ, ಇಡುತ್ತೀರಿ, ಹತ್ತು ನಿಮಿಷಕ್ಕೆ ಖಾಲಿ. ಉಳಿದ ಹೊತ್ತು ಏನು ಮಾಡಬೇಕು? ಬಟ್ಟಲು ತೆಗೆದಿಡಿ. ಪೆಲೆಟ್ ದಿನಕ್ಕೆ ಸ್ವಲ್ಪ ಸಾಕು, ಅದನ್ನೂ ಹುಲ್ಲಿನ ನಡುವೆ ಚೆಲ್ಲಿಬಿಡಿ, ಹುಡುಕಿ ತಿನ್ನಲಿ. ಊಟದ ಶೇಕಡಾ 80ಕ್ಕಿಂತ ಹೆಚ್ಚು ಪಾಲು ಹುಲ್ಲೇ ಇರಬೇಕು, ಹಸಿರಾಗಿರುವಾಗ ಕೊಯ್ದು ಒಣಗಿಸಿದ್ದು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಅದನ್ನು ಸವೆಸುವುದು ಹುಲ್ಲು. ಟಿಶ್ಯೂ ರೋಲಿನ ಕೊಳವೆಗೆ ಹುಲ್ಲು ತುರುಕಿ, ಒಳಗೆ ಎರಡು ಎಲೆ ಕೊತ್ತಂಬರಿ ಬಚ್ಚಿಟ್ಟು ಕೊಡಿ. ನಮ್ಮ ಬೆಳ್ಳಿ ಅದನ್ನು ಮೊದಲು ಎತ್ತಿ ಎಸೆಯುತ್ತಾಳೆ, ಆಮೇಲೆ ಹರಿಯುತ್ತಾಳೆ. ತಿನ್ನುವುದು ಕೊನೆಗೆ.

ರಟ್ಟಿನ ಡಬ್ಬ ತಂದರೆ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿದ್ದರೆ ಒಳಗಿದ್ದ ಮೊಲ ಮೂಲೆಗೆ ಸಿಕ್ಕಿಬೀಳುತ್ತದೆ. ಜಗಳ ಶುರುವಾಗುವುದೇ ಅಲ್ಲಿ. ಡಬ್ಬದ ಮೇಲೆ ಹತ್ತಿ ಕೂರುವಂತಿರಲಿ, ಎತ್ತರದಿಂದ ನಾಲ್ಕು ಕಡೆ ನೋಡುವುದು ಇವಕ್ಕೆ ದೊಡ್ಡ ಖುಷಿ. ಇನ್ನೊಂದು ಆಳವಾದ ಡಬ್ಬಕ್ಕೆ ಔಷಧಿ ಗೊಬ್ಬರ ಬೀಳದ ಮಣ್ಣು ತುಂಬಿ ಬಿಡಿ, ಕೆರೆಯಲು. ಮಣ್ಣು ಬೇಡ ಅಂದರೆ ಹರಿದ ಕಾಗದ. ಹೆಣ್ಣು ಮೊಲಕ್ಕಂತೂ ಕೆರೆಯದಿದ್ದರೆ ದಿನ ಹೋಗುವುದಿಲ್ಲ. ನೀವು ಕೊಡದಿದ್ದರೆ ಸೋಫಾ ಇದ್ದೇ ಇದೆ. ಲಿಟರ್ ಟ್ರೇ, ನೀರು, ಹುಲ್ಲಿನ ಜಾಗ ಎಲ್ಲವೂ ಎರಡೆರಡು ಕಡೆ ಇರಲಿ.

ಹಗಲೆಲ್ಲಾ ಮೂಲೆಯಲ್ಲಿ ಕೂರುತ್ತದೆ ಅಂದಿರಲ್ಲ, ಅದರಲ್ಲಿ ಸ್ವಲ್ಪ ಸಹಜವೂ ಇದೆ. ಮೊಲಗಳು ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ನಿಮ್ಮ ಹೊತ್ತನ್ನು ಅದಕ್ಕೆ ಹೊಂದಿಸಿ. ಆಗ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಓದುತ್ತಿರಿ, ಅದೇ ಬಂದು ಮೂಗಿನಿಂದ ತಿವಿಯುತ್ತದೆ. ಮೂಗಿನ ನೇರಕ್ಕೆ ಕೈ ಚಾಚಬೇಡಿ, ಸುತ್ತಲೂ ಕಾಣುವ ಅದರ ಕಣ್ಣಿಗೆ ಮೂಗಿನ ಮುಂದಿನದ್ದು ಮಾತ್ರ ಕಾಣುವುದಿಲ್ಲ. ಪಕ್ಕದಿಂದ ಬಂದು ಹಣೆ ಸವರಿ. ಮಕ್ಕಳಿಗೆ ಎತ್ತಿಕೊಳ್ಳಲು ಬಿಡಬೇಡಿ. ಕೊಸರಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು.

ಖುಷಿಯಾಗಿದೆ ಅಂತ ತಿಳಿಯುವುದು ಹೇಗೆ ಅಂತಲೂ ಕೇಳಿದ್ದೀರಿ. ಓಡುತ್ತಾ ಓಡುತ್ತಾ ಗಾಳಿಯಲ್ಲಿ ಹಾರಿ ಮೈ ತಿರುಚಿ ಕಾಲು ಝಾಡಿಸುತ್ತದೆ. ಅದಕ್ಕೆ ಬಿಂಕಿ ಅನ್ನುತ್ತಾರೆ. ನಮ್ಮ ಬಿಂಕಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ನೋಡಿದರೆ ಇದೆ ಅನಿಸುತ್ತದೆ. ಕೆಲವೊಮ್ಮೆ ಇದ್ದಕ್ಕಿದ್ದಂತೆ ಧೊಪ್ಪನೆ ಪಕ್ಕಕ್ಕೆ ಬಿದ್ದು ಮಲಗುತ್ತದೆ. ಮೊದಲ ಸಲ ನಾನು ಸತ್ತೇಹೋಯಿತು ಅಂತ ಓಡಿದ್ದೆ, ಕಾಳ ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗಿದ. ತಲೆ ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂದರೆ ಹಿತವಾಗಿದೆ ಅಂತ. ಮುದುರಿ ಕೂತು ಜೋರಾಗಿ ಹಲ್ಲು ಕಡಿದರೆ ನೋವು. ಆಗ, ಅಥವಾ 12 ಗಂಟೆ ಏನೂ ತಿನ್ನದೆ ಹಿಕ್ಕೆ ಹಾಕದೆ ಇದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆಯ ಚಲನೆ ನಿಂತರೆ ಮೊಲಕ್ಕೆ ಒಂದು ದಿನವೂ ದೊಡ್ಡದು.

ಡಾಕ್ಟರು ಗಂಡೋ ಹೆಣ್ಣೋ ಅಂತ ಏನು ಹೇಳಿದರು, ಗಾಯ ಇತ್ತಾ ಅಂತ ಇಲ್ಲೇ ಬರೆಯಿರಿ. ಎರಡು ಜಾಲರಿ ಇಟ್ಟ ಮೇಲೆ ಒಂದು ಫೋಟೋ ಹಾಕಿ, ಅಂತರ ಸಾಕೋ ಇಲ್ಲವೋ ನೋಡಿ ಹೇಳುತ್ತೇನೆ.